ಬ್ಲ್ಯಾಕ್‌ಪಲ್ಲಿಯ ಮರಿಯಮ್ಮ: ಶಿವಾಜಿನಗರದ ಬೆಸಿಲಿಕಾ ಎಂದರೇನು, ಅದು ಎಲ್ಲಿಂದ ಬಂತು

2025ರ ಸೆಪ್ಟೆಂಬರ್ 8ರಂದು ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ವಾರ್ಷಿಕ ಹಬ್ಬ ನಡೆಯಿತು. ಅಲ್ಲಿಗೆ ಬಂದಿದ್ದ ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಶಿವಾಜಿನಗರದ ಮೆಟ್ರೊ ನಿಲ್ದಾಣಕ್ಕೆ ಸಂತ ಮೇರಿಯ ಹೆಸರಿಡುವಂತೆ ಕೇಂದ್ರ ಸರ್ಕಾರಕ್ಕೆ ಶಿಫಾರಸು ಮಾಡುವುದಾಗಿ ಹೇಳಿದರು. ಕೆಲವೇ ದಿನಗಳಲ್ಲಿ ಆ ಮಾತು ರಾಜ್ಯದ ಗಡಿ ದಾಟಿತು. ಇದು ಶಿವಾಜಿ ಮಹಾರಾಜರಿಗೆ ಮಾಡುವ ಅವಮಾನ ಎಂದು ಮಹಾರಾಷ್ಟ್ರದ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಆಕ್ಷೇಪಿಸಿದರು. ಬೆಂಗಳೂರಿಗೆ ಮೆಟ್ರೊ ಬರಬೇಕೆಂದು ಬಹು ಹಿಂದೆಯೇ ಕನಸು ಕಂಡಿದ್ದ ಶಂಕರ್ ನಾಗ್ ಅವರ ಹೆಸರಿಡಿ ಎಂದು ಇನ್ನು ಕೆಲವರು ಹೇಳಿದರು.

ಚರ್ಚೆಯೆಲ್ಲ ಹೆಸರಿನ ಸುತ್ತಲೇ ನಡೆಯಿತು. ಆ ಚರ್ಚಿನ ಕಥೆ ಏನು ಎಂದು ಕೇಳಿದವರು ಕಡಿಮೆ. ರಸೆಲ್ ಮಾರುಕಟ್ಟೆಗೆ ಹೂವು, ಹಣ್ಣು ಕೊಳ್ಳಲು ಹೋದವರೆಲ್ಲ ಆ ಎತ್ತರದ ಗೋಪುರವನ್ನು ನೋಡಿರುತ್ತಾರೆ. ಅದು ಯಾರು ಕಟ್ಟಿದ್ದು, ಅದನ್ನು ಚರ್ಚು ಎನ್ನದೆ ಬೆಸಿಲಿಕಾ ಎನ್ನುವುದು ಏಕೆ, ಸೆಪ್ಟೆಂಬರ್ ಬಂದರೆ ಕಾವಿ ಉಟ್ಟ ಜನ ಅಲ್ಲಿಗೆ ಏಕೆ ನಡೆದು ಬರುತ್ತಾರೆ ಎಂಬುದು ಎಷ್ಟೋ ಬೆಂಗಳೂರಿಗರಿಗೇ ಗೊತ್ತಿಲ್ಲ. ಬುಡದಿಂದಲೇ ಶುರುಮಾಡೋಣ.

ಹೋಬಳಿ, ಜಿಲ್ಲೆ ಇದ್ದ ಹಾಗೆ

ಈ ಚರ್ಚು ಸೇರಿರುವ, ರೋಮಿನ ಪೋಪ್ ಮುಖ್ಯಸ್ಥರಾಗಿರುವ ಕ್ಯಾಥೊಲಿಕ್ ಸಭೆಯ ಆಡಳಿತ ನಮ್ಮ ಕಂದಾಯ ಇಲಾಖೆಯ ಆಡಳಿತದಂತೆ ನೆಲದ ಗಡಿಗಳ ಮೇಲೆ ನಿಂತಿದೆ. ಒಂದು ಊರು ಅಥವಾ ಒಂದಷ್ಟು ಬೀದಿಗಳನ್ನು ಸೇರಿಸಿ ಅಲ್ಲಿನ ಕ್ಯಾಥೊಲಿಕರ ಹೊಣೆಯನ್ನು ಒಬ್ಬ ಗುರುಗಳಿಗೆ, ಅಂದರೆ ಪಾದ್ರಿಗೆ, ವಹಿಸುತ್ತಾರೆ. ಈ ಘಟಕವೇ ಧರ್ಮಕೇಂದ್ರ. ಇಂಥ ಹಲವು ಧರ್ಮಕೇಂದ್ರಗಳು ಸೇರಿದರೆ ಧರ್ಮಪ್ರಾಂತ್ಯ. ಅದರ ಮುಖ್ಯಸ್ಥರು ಧರ್ಮಾಧ್ಯಕ್ಷರು, ಅಂದರೆ ಬಿಷಪ್. ಧರ್ಮಕೇಂದ್ರವನ್ನು ಹೋಬಳಿ ಎಂದುಕೊಂಡರೆ ಧರ್ಮಪ್ರಾಂತ್ಯ ಜಿಲ್ಲೆ. ಕೆಲವು ಪ್ರಮುಖ ಧರ್ಮಪ್ರಾಂತ್ಯಗಳನ್ನು ಮಹಾಧರ್ಮಪ್ರಾಂತ್ಯ ಎಂದು ಕರೆಯುತ್ತಾರೆ, ಬೆಂಗಳೂರು ಅಂಥದ್ದೊಂದು. 1940ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಅದು ಸ್ವತಂತ್ರ ಧರ್ಮಪ್ರಾಂತ್ಯವಾಯಿತು, 1953ರಲ್ಲಿ ಮಹಾಧರ್ಮಪ್ರಾಂತ್ಯವಾಯಿತು.

ಹಾಗಾಗಿ ಧರ್ಮಕೇಂದ್ರದ ಚರ್ಚು ಪ್ರಾರ್ಥನೆಯ ಜಾಗವೂ ಹೌದು, ಒಂದು ರೀತಿಯ ನಾಡಕಚೇರಿಯೂ ಹೌದು. ಮಗುವಿಗೆ ಸ್ನಾನದೀಕ್ಷೆ (ಬ್ಯಾಪ್ಟಿಸಂ) ಕೊಟ್ಟರೆ, ಮದುವೆಯಾದರೆ, ಯಾರಾದರೂ ತೀರಿಕೊಂಡರೆ ಅಲ್ಲಿನ ದಪ್ಪ ರಟ್ಟಿನ ಪುಸ್ತಕದಲ್ಲಿ ಒಂದು ಸಾಲು ಸೇರುತ್ತದೆ. ಸ್ನಾನದೀಕ್ಷೆ ಮತ್ತು ಮದುವೆಗಳನ್ನು ಹೀಗೆ ಬರೆದಿಡಬೇಕೆಂಬ ಕಟ್ಟಳೆ 16ನೇ ಶತಮಾನದಲ್ಲಿ ಧರ್ಮಾಧ್ಯಕ್ಷರೆಲ್ಲ ಸೇರಿ ನಡೆಸಿದ ಟ್ರೆಂಟ್ ಮಹಾಸಭೆಯಿಂದ ಬಂದದ್ದು. ಸರ್ಕಾರಿ ಜನನ ನೋಂದಣಿ ಬಳಕೆಗೆ ಬರುವ ಮೊದಲಿನ ಕಾಲದ ಒಬ್ಬ ಸಾಮಾನ್ಯ ದರ್ಜಿಯ, ಕಲ್ಲುಕುಟಿಗನ, ಸಿಪಾಯಿಯ ಹೆಸರು ಎಲ್ಲಾದರೂ ಉಳಿದಿದ್ದರೆ ಅದು ಬಹುಮಟ್ಟಿಗೆ ಇಂಥ ಪುಸ್ತಕದಲ್ಲಿ. ರಾಜರ ಶಾಸನಗಳಲ್ಲಿ ಸಿಗದ ಜನ ಇಲ್ಲಿ ಸಿಗುತ್ತಾರೆ. ಚರ್ಚಿನ ಇತಿಹಾಸ ಎಂದರೆ ನನ್ನ ಮಟ್ಟಿಗೆ ಮೊದಲು ಈ ಜನರ ಇತಿಹಾಸ, ಆಮೇಲೆ ಕಟ್ಟಡದ್ದು.

ದಂಡಿನ ಹಿಂದೆ ಬಂದವರು

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಅಲ್ಲಿಯೇ ಸೈನ್ಯ ಇಟ್ಟರು. ಆದರೆ ನದಿಯ ನಡುವಿನ ಆ ದ್ವೀಪದಲ್ಲಿ ಮಲೇರಿಯಾ ಕಾಟ ವಿಪರೀತವಾಗಿತ್ತು. ಗಾಳಿ ತಂಪಾಗಿರುವ ಎತ್ತರದ ಜಾಗ ಬೇಕೆಂದು ಹುಡುಕಿ, 1809ರ ಹೊತ್ತಿಗೆ ದಂಡನ್ನು ಬೆಂಗಳೂರಿನ ಹಲಸೂರಿನ ಕಡೆಗೆ ತಂದರು. ಹಳೆಯ ಪೇಟೆಯ ಪೂರ್ವಕ್ಕೆ ಹೀಗೆ ಇನ್ನೊಂದು ಬೆಂಗಳೂರು ಹುಟ್ಟಿಕೊಂಡಿತು. ಅದೇ ದಂಡು ಪ್ರದೇಶ, ಕಂಟೋನ್ಮೆಂಟ್.

ದಂಡು ಎಂದರೆ ಸಿಪಾಯಿಗಳು ಮಾತ್ರವಲ್ಲ. ಅವರಿಗೆ ಅಡುಗೆ ಮಾಡುವವರು, ಬಟ್ಟೆ ಒಗೆಯುವವರು, ಕುದುರೆ ನೋಡಿಕೊಳ್ಳುವವರು, ಚರ್ಮ ಹದಮಾಡುವವರು, ಗುತ್ತಿಗೆದಾರರು, ವ್ಯಾಪಾರಿಗಳು ಎಲ್ಲರೂ ಬೇಕು. ಮದರಾಸು ಸೇನೆಯ ಜೊತೆಗೆ ತಮಿಳು ಸೀಮೆಯಿಂದ ದೊಡ್ಡ ಸಂಖ್ಯೆಯಲ್ಲಿ ಜನ ಬಂದು ನೆಲೆಸಿದರು. ಅವರಲ್ಲಿ ಹಲವರು ಆಗಲೇ ಕ್ರೈಸ್ತರಾಗಿದ್ದರು. ಶಿವಾಜಿನಗರದ ಸುತ್ತಮುತ್ತ ಇಂದಿಗೂ ತಮಿಳು, ಉರ್ದು, ಕನ್ನಡ ಮೂರೂ ಒಟ್ಟೊಟ್ಟಿಗೆ ಕಿವಿಗೆ ಬೀಳುವುದಕ್ಕೆ ಬೇರು ಇಲ್ಲಿದೆ.

ಆಗ ಆ ಜಾಗದ ಹೆಸರು ಬ್ಲ್ಯಾಕ್‌ಪಲ್ಲಿ. ಈ ಹೆಸರಿಗೆ ಎರಡು ವಿವರಣೆಗಳು ಬಳಕೆಯಲ್ಲಿವೆ. ಬಿಳಿ ಅಕ್ಕಿ ಬೆಳೆಯುತ್ತಿದ್ದ ಹಳ್ಳಿಯಾದ್ದರಿಂದ ‘ಬಿಳಿ ಅಕ್ಕಿ ಪಲ್ಲಿ’ ಎಂದಿತ್ತು, ಅದು ಇಂಗ್ಲಿಷರ ಬಾಯಲ್ಲಿ ಬ್ಲ್ಯಾಕ್‌ಪಲ್ಲಿಯಾಯಿತು ಎನ್ನುವುದು ಒಂದು. ದಂಡು ಪ್ರದೇಶದ ನಕ್ಷೆ ರೂಪಿಸಿದ ಎಂಜಿನಿಯರ್ ಜಾನ್ ಬ್ಲಾಕಿಸ್ಟನ್‌ನ ಹೆಸರಿನಿಂದ ಬಂತು ಎನ್ನುವುದು ಇನ್ನೊಂದು. ಬಿಳಿ ಎಂಬ ಮಾತೇ ತಿರುಗಿ ಕಪ್ಪಾಯಿತು ಎಂಬ ಮೊದಲ ವಿವರಣೆಯನ್ನೇ ಜನ ಹೆಚ್ಚು ಇಷ್ಟಪಟ್ಟು ಹೇಳುತ್ತಾರೆ.

ಈ ಹಳ್ಳಿಯಲ್ಲಿ ಜಿಂಜಿಯ ಕಡೆಯಿಂದ ಬಂದ ತಮಿಳು ಕ್ರೈಸ್ತರು ಹುಲ್ಲಿನ ಸೂರಿನ ಒಂದು ಪ್ರಾರ್ಥನಾ ಮಂದಿರವನ್ನು ‘ಕಾಣಿಕೈ ಮಾದಾ’ ಎಂದು ಕರೆಯುತ್ತಿದ್ದರು. ಕನ್ನಡದಲ್ಲಿ ಕಾಣಿಕೆ ಮಾತೆ. ಮಗುವನ್ನು ದೇವಾಲಯಕ್ಕೆ ಕರೆತಂದು ದೇವರಿಗೆ ಅರ್ಪಿಸುವ ಪ್ರಸಂಗದಿಂದ ಬಂದ ಹೆಸರು ಅದು. ಇಂದಿನ ಬೆಸಿಲಿಕಾದ ಮೊದಲ ರೂಪ ಆ ಸೂರು.

ಪೇಟ ಸುತ್ತಿದ ಫ್ರೆಂಚ್ ಗುರು

ಆ ಹುಲ್ಲಿನ ಸೂರಿನ ಮಂದಿರದ ಜೊತೆ ಸೇರಿಕೊಂಡಿರುವ ಹೆಸರು ಅಬ್ಬೆ ದ್ಯುಬ್ವಾ. ಪೂರ್ತಿ ಹೆಸರು ಜ್ಯಾಂ ಆಂತ್ವಾನ್ ದ್ಯುಬ್ವಾ. ಫ್ರೆಂಚರು ಪಾದ್ರಿಗಳನ್ನು ಗೌರವದಿಂದ ಕರೆಯುವ ಪದ ‘ಅಬ್ಬೆ’. ತಂದೆ ಎಂಬ ಅರ್ಥದ ಮೂಲದಿಂದ ಬಂದದ್ದು. ನಮ್ಮ ಕನ್ನಡದಲ್ಲಿ ಅಬ್ಬೆ ಎಂದರೆ ತಾಯಿ, ಎರಡಕ್ಕೂ ಸಂಬಂಧವಿಲ್ಲ.

ಈತ ಇಲ್ಲಿಗೆ ಬಂದದ್ದು ಹೇಗೆ ಎಂದು ತಿಳಿಯಲು ಒಂದು ಹೆಜ್ಜೆ ಹಿಂದೆ ಹೋಗಬೇಕು. ಮೈಸೂರು ಸೀಮೆಯಲ್ಲಿ ಕ್ಯಾಥೊಲಿಕ್ ಮಿಷನ್ ಶುರುಮಾಡಿದವರು ಯೇಸುಸಭೆಯ, ಅಂದರೆ ಜೆಸುಯಿಟ್ ಸಂಘದ ಗುರುಗಳು. 1648ರ ಹೊತ್ತಿಗೆ ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಕೆಲಸ ಆರಂಭಿಸಿದ್ದರು. 1773ರಲ್ಲಿ ಪೋಪ್ ಆ ಸಭೆಯನ್ನೇ ವಿಸರ್ಜಿಸಿದಾಗ ಇಲ್ಲಿನ ಜನ ಗುರುಗಳಿಲ್ಲದೆ ಉಳಿಯುವಂತಾಯಿತು. ಆ ಹೊಣೆಯನ್ನು ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆ ವಹಿಸಿಕೊಂಡಿತು. ಕರ್ನಾಟಕದ ಒಳನಾಡಿನ ಹಳೆಯ ಚರ್ಚುಗಳಲ್ಲಿ ಫ್ರೆಂಚ್ ಹೆಸರುಗಳೇ ಹೆಚ್ಚಾಗಿ ಕಾಣುವುದು, ಕರಾವಳಿಯಲ್ಲಿ ಪೋರ್ಚುಗೀಸ್ ಛಾಯೆ ಕಾಣುವುದು ಇದರಿಂದಲೇ. ಕರಾವಳಿಗೆ ಗೋವೆಯಿಂದ ಬಂದದ್ದು ಒಂದು ಧಾರೆ, ಬೆಂಗಳೂರು-ಮೈಸೂರಿಗೆ ಪುದುಚೇರಿಯಿಂದ ಬಂದದ್ದು ಇನ್ನೊಂದು.

ಫ್ರಾನ್ಸಿನಲ್ಲಿ ಕ್ರಾಂತಿ ನಡೆಯುತ್ತಿದ್ದ ದಿನಗಳಲ್ಲಿ, 1792ರಲ್ಲಿ, ದ್ಯುಬ್ವಾ ಭಾರತಕ್ಕೆ ಬಂದ. ಟಿಪ್ಪುವಿನ ಪತನದ ಬಳಿಕ ಮೈಸೂರು ಸೀಮೆಗೆ ಕಾಲಿಟ್ಟು ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಿದ. ಇಲ್ಲಿನವರಂತೆಯೇ ಉಡುಪು ತೊಟ್ಟು, ತಲೆಗೆ ಪೇಟ ಸುತ್ತಿ, ಊಟ ನಡಾವಳಿಗಳನ್ನೂ ಇಲ್ಲಿನವರಂತೆ ಬದಲಿಸಿಕೊಂಡು ಬದುಕಿದ. ಜನರ ಆಚಾರ ವಿಚಾರಗಳ ಬಗ್ಗೆ ಆತ ಬರೆದಿಟ್ಟ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಹಣ ಕೊಟ್ಟು ಕೊಂಡಿತು. ಅದರ ಅಭಿಪ್ರಾಯಗಳನ್ನು ಇಂದು ಎಚ್ಚರಿಕೆಯಿಂದ ಓದಬೇಕಾಗುತ್ತದೆ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಆತನ ಇನ್ನೊಂದು ಕೆಲಸ. ಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ದನದ ಸಿಡುಬಿನ ಕೀವನ್ನು ಆರೋಗ್ಯವಂತರ ತೋಳಿಗೆ ಚುಚ್ಚುವುದು ಎಂದರೆ ಯಾರು ತಾನೇ ಒಪ್ಪುತ್ತಾರೆ? ಜನರ ನಡುವೆಯೇ ಬದುಕುತ್ತಿದ್ದ ದ್ಯುಬ್ವಾ ಊರೂರಿಗೆ ಹೋಗಿ ಅವರನ್ನು ಒಪ್ಪಿಸಿ ಸಾವಿರಾರು ಮಂದಿಗೆ ಲಸಿಕೆ ಹಾಕಿಸಿದ.

ಬ್ಲ್ಯಾಕ್‌ಪಲ್ಲಿಯ ಹುಲ್ಲಿನ ಸೂರಿನ ಮಂದಿರವನ್ನು ಆತ 1818ರಲ್ಲಿ ಸ್ಥಾಪಿಸಿದ ಎಂದು ಚರ್ಚಿನ ಚರಿತ್ರೆ ಹೇಳುತ್ತದೆ. 1823ರಲ್ಲಿ ಫ್ರಾನ್ಸಿಗೆ ಮರಳಿದವನು ಮತ್ತೆ ಭಾರತಕ್ಕೆ ಬರಲಿಲ್ಲ.

ಆತನ ನಂತರ ಪುದುಚೇರಿಯಿಂದ ಬಂದ ಭಾರತೀಯ ಗುರು ಆಂಡ್ರಿಯಾಸ್ ಆ ಮಂದಿರವನ್ನು ವಿಸ್ತರಿಸಿ ಶಿಲುಬೆಯಾಕಾರದ ಪುಟ್ಟ ಚರ್ಚಾಗಿ ಮಾಡಿದರು. ಸಂತ ಮೇರಿ ಎಂಬ ಹೆಸರು ಬಂದದ್ದೂ, ಮೇರಿಯ ಹಬ್ಬ ಶುರುವಾದದ್ದೂ ಅವರ ಕಾಲದಲ್ಲಿ. ಇಂದು ಲಕ್ಷಾಂತರ ಮಂದಿ ಸೇರುವ ಹಬ್ಬವನ್ನು ಆರಂಭಿಸಿದವರು ಈ ನೆಲದವರೇ ಆದ ಒಬ್ಬ ಗುರು ಎಂಬುದು ಎಲ್ಲೂ ಕೇಳಿಬರುವುದಿಲ್ಲ. ಫ್ರೆಂಚ್ ಹೆಸರುಗಳ ನಡುವೆ ಆಂಡ್ರಿಯಾಸ್ ಮರೆತೇಹೋಗಿದ್ದಾರೆ. 1832ರಲ್ಲಿ ಊರಿನಲ್ಲಿ ಕೋಮುಗಲಭೆ ಎದ್ದಾಗ ಚರ್ಚಿಗೆ ಸೈನ್ಯದ ಕಾವಲು ಹಾಕಬೇಕಾಯಿತು.

ಏಣಿಯ ಲೆಕ್ಕಾಚಾರ: ಚೂಪು ಕಮಾನು ಏಕೆ?

ನಾವು ಇಂದು ನೋಡುವ ಕಟ್ಟಡ ಫ್ರೆಂಚ್ ಗುರು ಎಲ್. ಇ. ಕ್ಲೈನರ್ ಅವರದು. 1875ರಲ್ಲಿ ಕೆಲಸ ಆರಂಭವಾಗಿ, 1882ರ ಸೆಪ್ಟೆಂಬರ್ 8ರಂದು ಧರ್ಮಾಧ್ಯಕ್ಷ ಜ್ಯಾಂ ಈವ್ ಮರೀ ಕೋದು ಅದನ್ನು ಪವಿತ್ರೀಕರಿಸಿದರು. ದಿನಾಂಕ ಗಮನಿಸಿ: ಮೇರಿಯ ಹುಟ್ಟುಹಬ್ಬದ ದಿನವೇ. ಕಟ್ಟಡ ಏಳುತ್ತಿದ್ದ ಆ ವರ್ಷಗಳಲ್ಲಿಯೇ, 1876ರಿಂದ 78ರವರೆಗೆ, ಮೈಸೂರು ಸೀಮೆಯನ್ನು ಭೀಕರ ಬರಗಾಲ ಬಡಿದಿತ್ತು. ಕಟ್ಟಡ ಮುಗಿಯುವ ಹಿಂದಿನ ವರ್ಷ, 1881ರಲ್ಲಿ, ಬ್ರಿಟಿಷರು ರಾಜ್ಯವನ್ನು ಒಡೆಯರಿಗೆ ಮರಳಿಸಿದರು. ಆದರೆ ದಂಡು ಪ್ರದೇಶವನ್ನು ತಮ್ಮಲ್ಲೇ ಇಟ್ಟುಕೊಂಡರು. ಹಾಗಾಗಿ ಚರ್ಚು ಇದ್ದ ನೆಲ ಮೈಸೂರು ಮಹಾರಾಜರ ರಾಜ್ಯದೊಳಗೇ ಇದ್ದರೂ 1947ರವರೆಗೆ ಅಲ್ಲಿ ಆಡಳಿತ ಬ್ರಿಟಿಷರದ್ದೇ ಆಗಿತ್ತು. ಪೇಟೆ ಮತ್ತು ದಂಡು ಒಂದೇ ನಗರಪಾಲಿಕೆಯ ಕೆಳಗೆ ಬಂದದ್ದು 1949ರಲ್ಲಿ.

ಈ ಕಟ್ಟಡದ ಶೈಲಿ ಗಾಥಿಕ್. 12ನೇ ಶತಮಾನದ ಫ್ರಾನ್ಸಿನಲ್ಲಿ ಹುಟ್ಟಿದ ಶೈಲಿ. 19ನೇ ಶತಮಾನದಲ್ಲಿ ಮತ್ತೆ ಜಗತ್ತಿನಾದ್ಯಂತ ಚಾಲ್ತಿಗೆ ಬಂತು. ಮೈಸೂರಿನ ಸಂತ ಫಿಲೋಮಿನಾ ಚರ್ಚನ್ನು ನೋಡಿದವರಿಗೆ ಇದರ ಚಹರೆ ಗೊತ್ತು: ಮುಗಿಲಿಗೆ ಚುಚ್ಚುವ ಗೋಪುರ, ಕೈಮುಗಿದ ಹಾಗೆ ಮೇಲೆ ಚೂಪಾಗಿ ಕೂಡುವ ಕಮಾನುಗಳು, ಎತ್ತರದ ಕಿಟಕಿಗಳು, ಬಣ್ಣದ ಗಾಜು.

ಆ ಚೂಪು ಅಲಂಕಾರಕ್ಕಷ್ಟೇ ಅಲ್ಲ. ಏಣಿಯನ್ನು ಗೋಡೆಗೆ ಒರಗಿಸುವುದನ್ನು ನೆನೆಯಿರಿ. ಬುಡವನ್ನು ಬಹಳ ದೂರ ಎಳೆದಿಟ್ಟರೆ, ಹತ್ತಿದ ಕೂಡಲೇ ಅದು ಹೊರಕ್ಕೆ ಜಾರುತ್ತದೆ. ಗೋಡೆಗೆ ಹತ್ತಿರ ನೆಟ್ಟಗೆ ಇಟ್ಟರೆ ಭಾರ ನೆಲಕ್ಕಿಳಿಯುತ್ತದೆ, ಜಾರುವುದು ಕಡಿಮೆ. ಕಮಾನು ಎಂದರೆ ಒಂದಕ್ಕೊಂದು ಒರಗಿದ ಎರಡು ಬಾಗಿದ ಏಣಿಗಳಿದ್ದ ಹಾಗೆ. ಅರ್ಧಚಂದ್ರದ ಕಮಾನು ಚಪ್ಪಟೆಯಾಗಿ ಒರಗಿದ ಏಣಿ. ಅದು ತನ್ನ ಬದಿಯ ಗೋಡೆಗಳನ್ನು ಹೊರಕ್ಕೆ ನೂಕುತ್ತದೆ. ಆ ನೂಕನ್ನು ತಡೆಯಲು ಗೋಡೆ ದಪ್ಪವಾಗಿರಬೇಕು, ಕಿಟಕಿ ಚಿಕ್ಕದಾಗಿರಬೇಕು. ಚೂಪು ಕಮಾನು ನೆಟ್ಟಗೆ ನಿಂತ ಏಣಿ. ಭಾರದ ಬಹುಪಾಲನ್ನು ನೇರ ಕೆಳಗೆ ಕಂಬಕ್ಕೆ ಇಳಿಸುತ್ತದೆ. ಉಳಿದ ನೂಕನ್ನು ಹೊರಗಿನಿಂದ ಆನಿಸಿದ ಗೋಡೆಗಂಬಗಳು ತಾಳಿಕೊಳ್ಳುತ್ತವೆ. ಹಾಗಾಗಿ ಗೋಡೆಗೆ ಭಾರ ಹೊರುವ ಕೆಲಸ ಕಡಿಮೆಯಾಗಿ, ಅದನ್ನು ತೆರೆದು ಎತ್ತರದ ಕಿಟಕಿ ಇಡಬಹುದು. ಕಿಟಕಿ ದೊಡ್ಡದಾದರೆ ಅದಕ್ಕೆ ಬಣ್ಣದ ಗಾಜು ಕೂರಿಸಬಹುದು. ಓದು ಬಾರದ ಜನರಿಗೆ ಬೈಬಲ್ಲಿನ ಪ್ರಸಂಗಗಳನ್ನು ತೋರಿಸಿದ್ದು ಯುರೋಪಿನ ಇಂಥ ಕಿಟಕಿಗಳೇ. ನಮ್ಮ ದೇವಾಲಯಗಳ ಹೊರಗೋಡೆಯಲ್ಲಿ ರಾಮಾಯಣದ ಪಟ್ಟಿಕೆಗಳಿರುತ್ತವಲ್ಲ, ಅದೇ ಕೆಲಸವನ್ನು ಅಲ್ಲಿ ಬೆಳಕು ಮಾಡುತ್ತದೆ.

ಬೆಸಿಲಿಕಾದ ಗೋಪುರದ ಎತ್ತರ ಸುಮಾರು 160 ಅಡಿ. ಮಾರುಕಟ್ಟೆಯ ಕಡೆಯಿಂದ ಬಂದು ಒಳಗೆ ಕಾಲಿಟ್ಟರೆ ಮೊದಲು ಅನುಭವಕ್ಕೆ ಬರುವುದು ಗದ್ದಲ ನಿಲ್ಲುವುದು. ಬೆಳಗಿನ ಹೊತ್ತು ಕುಳಿತರೆ ಗಾಜಿನ ಕೆಂಪು, ನೀಲಿ ಬೆಳಕು ನೆಲದ ಮೇಲೆ ನಿಧಾನವಾಗಿ ಸರಿಯುವುದನ್ನು ಕಾಣಬಹುದು.

ಆ ಗಾಜುಗಳು ಒಮ್ಮೆ ಕೆಳಗಿಳಿದಿದ್ದವು. ಎರಡನೆಯ ಮಹಾಯುದ್ಧದ ಕಾಲ. 1942ರ ಏಪ್ರಿಲ್‌ನಲ್ಲಿ ಜಪಾನಿನ ವಿಮಾನಗಳು ಕೊಲಂಬೊ, ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿದ್ದವು. ಬೆಂಗಳೂರು ದೊಡ್ಡ ಸೇನಾ ನೆಲೆ. ವಿಮಾನ ಕಾರ್ಖಾನೆಯೂ 1940ರಲ್ಲೇ ಬಂದಿತ್ತು. ಆ ಯುದ್ಧಕಾಲದಲ್ಲಿ ಬಣ್ಣದ ಗಾಜುಗಳನ್ನು ಬಿಚ್ಚಿ ಜೋಪಾನ ಮಾಡಲಾಗಿತ್ತು. ಅವನ್ನು ಮತ್ತೆ ಕೂರಿಸಿದ್ದು 1947ರಲ್ಲಿ.

ಪ್ಲೇಗು, ಮತ್ತು ಆರೋಗ್ಯ ಮಾತೆ

1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಜನ ಮನೆಗಳಿಗೆ ಬೀಗ ಹಾಕಿ ಬಯಲಿಗೆ ಹೋಗಿ ಗುಡಿಸಲು ಹಾಕಿಕೊಂಡರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ವಿಶಾಲ ಬೀದಿಗಳೊಂದಿಗೆ ಬೆಳೆದದ್ದರ ಹಿಂದೆ ಆ ಭಯವಿದೆ. ದಂಡಿನ ಕಡೆ ಫ್ರೇಜರ್ ಟೌನ್ ಹುಟ್ಟಿದ್ದೂ ಅದೇ ಕಾರಣಕ್ಕೆ. ನಗರದ ಹಲವೆಡೆ ಪ್ಲೇಗಮ್ಮನ ಗುಡಿಗಳು ಎದ್ದವು. ಇಕ್ಕಟ್ಟಾದ ಬ್ಲ್ಯಾಕ್‌ಪಲ್ಲಿಯಲ್ಲಿ ಜನ ಮೇರಿಯ ಮುಂದೆ ಮೊಂಬತ್ತಿ ಹಚ್ಚಿದರು. ರೋಗದಿಂದ ಕಾಪಾಡಿದ ತಾಯಿ ಎಂಬ ನಂಬಿಕೆ ಆ ದಿನಗಳಿಂದ ಗಟ್ಟಿಯಾಯಿತು. ತಮಿಳುನಾಡಿನ ವೇಳಾಂಕಣ್ಣಿಯಲ್ಲಿ ಆಗಲೇ ಪ್ರಸಿದ್ಧವಾಗಿದ್ದ ‘ಆರೋಗ್ಯ ಮಾತೆ’ ಎಂಬ ಹೆಸರು ಇಲ್ಲಿಯೂ ಬೇರೂರಿತು.

ಇಲ್ಲೊಂದು ಪ್ರಶ್ನೆ ಏಳುತ್ತದೆ: ಕ್ಯಾಥೊಲಿಕರು ಮೇರಿಯನ್ನು ದೇವರೆಂದು ಪೂಜಿಸುತ್ತಾರೆಯೇ? ಸಭೆಯ ಬೋಧನೆಯ ಪ್ರಕಾರ ಇಲ್ಲ. ಆರಾಧನೆ ದೇವರಿಗೆ ಮಾತ್ರ. ಮೇರಿ ಯೇಸುವಿನ ತಾಯಿ, ಆಕೆಗೆ ಸಲ್ಲುವುದು ಗೌರವ. ಆಕೆಯ ಮುಂದೆ ನಿಂತವರು ಕೇಳುವುದು ‘ನಮ್ಮ ಪರವಾಗಿ ನಿನ್ನ ಮಗನ ಬಳಿ ಹೇಳು’ ಎಂದು. ಮನೆಯಲ್ಲಿ ಹಿರಿಯರ ಬಳಿ ನೇರವಾಗಿ ಕೇಳಲು ಅಳುಕಿದಾಗ ನಾವು ಅಮ್ಮನ ಮೂಲಕ ಹೇಳಿಸುತ್ತೇವಲ್ಲ, ಆ ಭಾವ. ಪ್ರೊಟೆಸ್ಟೆಂಟ್ ಸಭೆಗಳು ಈ ಮಧ್ಯಸ್ಥಿಕೆಯನ್ನು ಒಪ್ಪುವುದಿಲ್ಲ. ಅವರ ಚರ್ಚುಗಳಲ್ಲಿ ಮೇರಿಯ ಪ್ರತಿಮೆಯ ಮುಂದೆ ಹರಕೆ ಹೊರುವುದು ಕಾಣದಿರುವುದಕ್ಕೆ ಇದೇ ಕಾರಣ. ಎಂ.ಜಿ. ರಸ್ತೆಯ ಬದಿಯ ಸಂತ ಮಾರ್ಕ್ ಚರ್ಚು ಹಾಗೂ ಶಿವಾಜಿನಗರದ ಬೆಸಿಲಿಕಾ ಎರಡೂ ದಂಡಿನ ಕಾಲದವೇ, ಆದರೆ ಒಂದು ಪ್ರೊಟೆಸ್ಟೆಂಟ್, ಇನ್ನೊಂದು ಕ್ಯಾಥೊಲಿಕ್.

ಇಲ್ಲಿಯ ಮೇರಿ ಸೀರೆ ಉಟ್ಟಿದ್ದಾಳೆ. ಸುಮಾರು ಆರು ಅಡಿ ಎತ್ತರದ ಪ್ರತಿಮೆ, ತೋಳಲ್ಲಿ ಮಗು. ಭಕ್ತರು ಹರಕೆ ಹೊತ್ತು ಸೀರೆ ಒಪ್ಪಿಸುತ್ತಾರೆ. ಮಲ್ಲಿಗೆ ಹಾರ ತರುತ್ತಾರೆ. ಮೊಂಬತ್ತಿ ಹಚ್ಚುವ ಕಡೆ ನಿಂತು ನೋಡಿ: ಹೊಸ ಬತ್ತಿಯನ್ನು ಯಾರೋ ಹಚ್ಚಿಹೋದ ಬತ್ತಿಯಿಂದಲೇ ಹೊತ್ತಿಸಿಕೊಂಡು, ಬುಡವನ್ನು ಕರಗಿಸಿ, ಮೇಣದಲ್ಲಿ ಒತ್ತಿ ನಿಲ್ಲಿಸುತ್ತಾರೆ. ಪಕ್ಕದವರು ಬುರ್ಖಾ ತೊಟ್ಟವರಿರಬಹುದು, ಹಣೆಗೆ ಕುಂಕುಮ ಇಟ್ಟವರಿರಬಹುದು. ಅಲ್ಲಿ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ.

ಯಾವ ಭಾಷೆಯಲ್ಲಿ ಪ್ರಾರ್ಥನೆ?

1960ರ ದಶಕದವರೆಗೂ ಬಲಿಪೂಜೆ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಬಲಿಪೂಜೆ ಎಂದರೆ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಅರ್ಪಿಸಿ ಯೇಸುವಿನ ಕೊನೆಯ ಭೋಜನವನ್ನು ಸ್ಮರಿಸುವ ಮುಖ್ಯ ಆರಾಧನೆ. ಗುರುಗಳು ಜನರ ಜೊತೆ ಪೀಠದ ಕಡೆಗೇ ಮುಖಮಾಡಿ ನಿಂತು ಲ್ಯಾಟಿನ್ನಿನಲ್ಲಿ ಮಂತ್ರ ಹೇಳುತ್ತಿದ್ದರು. ಸಂಸ್ಕೃತ ಮಂತ್ರಗಳನ್ನು ಅರ್ಥ ತಿಳಿಯದೆಯೂ ಭಕ್ತಿಯಿಂದ ಕೇಳುವವರಂತೆ ಜನ ಕೇಳುತ್ತಿದ್ದರು. 1962ರಿಂದ 65ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯು ಜನರ ಭಾಷೆಯಲ್ಲಿ ಆರಾಧನೆ ನಡೆಸಲು ದಾರಿ ತೆರೆಯಿತು.

ಒಂದೇ ಭಾಷೆಯ ಊರಿನಲ್ಲಿ ಇದು ಸುಲಭ. ಬೆಂಗಳೂರಿನಲ್ಲಿ ಜನರ ಭಾಷೆ ಯಾವುದು? ತಲೆಮಾರುಗಳಿಂದ ತಮಿಳು ಮಾತನಾಡುವವರು ಇದೇ ಊರಿನವರು. ನಾಡಿನ ಭಾಷೆಗೆ ನಾಡಿನ ರಾಜಧಾನಿಯ ಚರ್ಚುಗಳಲ್ಲಿ ಸಲ್ಲಬೇಕಾದ ಸ್ಥಾನ ಸಿಗಬೇಕೆಂದು ಕನ್ನಡ ಕ್ರೈಸ್ತರು ದಶಕಗಳ ಕಾಲ ಹೋರಾಡಿದರು. ಇಂದು ಬೆಸಿಲಿಕಾದಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಬಲಿಪೂಜೆ ನಡೆಯುತ್ತದೆ.

ಹಾಗಾದರೆ ಬೆಸಿಲಿಕಾ ಎಂದರೇನು?

ಪದದ ಮೂಲ ಗ್ರೀಕ್. ರಾಜನಿಗೆ ಸಂಬಂಧಿಸಿದ ಎಂಬ ಅರ್ಥ. ರೋಮನ್ನರ ಕಾಲದಲ್ಲಿ ಬೆಸಿಲಿಕಾ ಎಂದರೆ ನ್ಯಾಯ ವಿಚಾರಣೆ, ವ್ಯಾಪಾರದ ಮಾತುಕತೆ ನಡೆಯುವ ಉದ್ದನೆಯ ಸಾರ್ವಜನಿಕ ಕಟ್ಟಡ, ನಮ್ಮ ಊರ ಚಾವಡಿಯ ದೊಡ್ಡ ರೂಪ. ನಾಲ್ಕನೆಯ ಶತಮಾನದಲ್ಲಿ ಕ್ರೈಸ್ತರಿಗೆ ಬಹಿರಂಗವಾಗಿ ಆರಾಧಿಸುವ ಅವಕಾಶ ಸಿಕ್ಕಾಗ, ತುಂಬಾ ಜನ ಸೇರಲು ಅನುಕೂಲವಾದ ಈ ಮಾದರಿಯನ್ನೇ ಚರ್ಚುಗಳಿಗೆ ಎತ್ತಿಕೊಂಡರು. ಚಾವಡಿಯ ಹೆಸರು ಹೀಗೆ ಚರ್ಚಿನ ಹೆಸರಾಯಿತು.

ಇಂದು ಬೆಸಿಲಿಕಾ ಎನ್ನುವುದು ಪೋಪ್ ಕೊಡುವ ಒಂದು ಗೌರವ ಪದವಿ. ಕಟ್ಟಡದ ಆಕಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಮಹಾ ಬೆಸಿಲಿಕಾಗಳು ನಾಲ್ಕೇ, ನಾಲ್ಕೂ ರೋಮ್ ನಗರದ ಪರಿಧಿಯಲ್ಲಿವೆ. ಸಂತ ಪೇತ್ರರದು ಅವುಗಳಲ್ಲೊಂದು. ಉಳಿದವೆಲ್ಲ ಕಿರಿಯ ಬೆಸಿಲಿಕಾಗಳು. ಹಳಮೆ, ಚಾರಿತ್ರಿಕ ಮಹತ್ವ, ಬರುವ ಯಾತ್ರಿಕರು, ನಡೆಯುವ ಆರಾಧನೆ ಇವುಗಳನ್ನು ನೋಡಿ ಈ ಪದವಿ ಕೊಡುತ್ತಾರೆ. ಪೋಪ್ ಜೊತೆಗಿನ ವಿಶೇಷ ನಂಟಿನ ಗುರುತಾಗಿ ಅಂಥ ಚರ್ಚು ಅಡ್ಡಲಾಗಿ ಇಟ್ಟ ಎರಡು ಬೀಗದ ಕೈಗಳ ಲಾಂಛನವನ್ನು ಬಳಸಬಹುದು. ಅರ್ಧ ತೆರೆದ ಕೆಂಪು ಹಳದಿ ಪಟ್ಟೆಗಳ ರೇಷ್ಮೆ ಕೊಡೆ, ಕಂಬಕ್ಕೆ ಕಟ್ಟಿದ ಪುಟ್ಟ ಗಂಟೆ ಕೂಡ ಬೆಸಿಲಿಕಾದ ಗುರುತುಗಳು. ದೇವರ ಉತ್ಸವದಲ್ಲಿ ಸತ್ತಿಗೆ ಹಿಡಿಯುವುದನ್ನು ಕಂಡವರಿಗೆ ಆ ಕೊಡೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜನ ಸಾಮಾನ್ಯವಾಗಿ ಬೆಸಿಲಿಕಾ ಮತ್ತು ಕ್ಯಾಥೆಡ್ರಲ್ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಕ್ಯಾಥೆಡ್ರಲ್ ಎಂದರೆ ಧರ್ಮಾಧ್ಯಕ್ಷರ ಪೀಠ ಇರುವ ಚರ್ಚು, ಧರ್ಮಪ್ರಾಂತ್ಯದ ಪ್ರಧಾನಾಲಯ. ಬೆಂಗಳೂರಿನ ಕ್ಯಾಥೆಡ್ರಲ್ ಸಂತ ಫ್ರಾನ್ಸಿಸ್ ಕ್ಸೇವಿಯರ್ ಚರ್ಚು. ಒಂದು ಆಡಳಿತದ ಕೇಂದ್ರ, ಇನ್ನೊಂದು ಗೌರವದ ಪದವಿ.

ಬ್ಲ್ಯಾಕ್‌ಪಲ್ಲಿಯ ಚರ್ಚಿಗೆ ಈ ಪದವಿ ಕೊಟ್ಟವರು ಪೋಪ್ ಆರನೆಯ ಪೌಲ್, 1973ರಲ್ಲಿ. ಘೋಷಣೆಯ ಸಮಾರಂಭ ನಡೆದದ್ದು 1974ರ ಜನವರಿ 26ರಂದು. ಆಮೇಲೆ ನಾಲ್ಕು ದಶಕಗಳ ಕಾಲ ಕರ್ನಾಟಕದಲ್ಲಿ ಬೇರೆ ಬೆಸಿಲಿಕಾ ಇರಲಿಲ್ಲ. 2016ರಲ್ಲಿ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಪುಣ್ಯಕ್ಷೇತ್ರಕ್ಕೂ ಆ ಪದವಿ ಬಂತು.

ಮೆಟ್ರೊ ನಿಲ್ದಾಣಕ್ಕೆ ಹೆಸರು ಯಾರು ಇಡುತ್ತಾರೆ?

ಶಿವಾಜಿನಗರದ ನಿಲ್ದಾಣ ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಹೋಗುವ ಗುಲಾಬಿ ಮಾರ್ಗದಲ್ಲಿದೆ, ನೆಲದಡಿಯಲ್ಲಿ. ಮೆಟ್ರೊ ನಿಲ್ದಾಣಕ್ಕೆ ವ್ಯಕ್ತಿಯ ಹೆಸರಿಡುವುದು ಬೆಂಗಳೂರಿಗೆ ಹೊಸದಲ್ಲ: ಮೆಜೆಸ್ಟಿಕ್‌ನ ನಿಲ್ದಾಣಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರಿದೆ, ಸೆಂಟ್ರಲ್ ಕಾಲೇಜಿನ ನಿಲ್ದಾಣಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ. ಮುಖ್ಯಮಂತ್ರಿ ಹಬ್ಬದ ದಿನ ಹೇಳಿದ್ದು ‘ಶಿಫಾರಸು ಮಾಡುತ್ತೇವೆ’ ಎಂದು. ಶಿಫಾರಸು ಮತ್ತು ಅನುಮೋದನೆ ಬೇರೆ ಬೇರೆ ಹಂತಗಳು.

ಶಿವಾಜಿಗೂ ಬೆಂಗಳೂರಿಗೂ ನಂಟಿದೆ. 1638ರಲ್ಲಿ ಬಿಜಾಪುರದ ಸೈನ್ಯ ಕೆಂಪೇಗೌಡರ ವಂಶದಿಂದ ಬೆಂಗಳೂರನ್ನು ಗೆದ್ದ ಮೇಲೆ ಅದು ಜಹಗೀರಾಗಿ ಸಿಕ್ಕಿದ್ದು ಶಿವಾಜಿಯ ತಂದೆ ಶಹಾಜಿಗೆ. ಆದರೆ ಬ್ಲ್ಯಾಕ್‌ಪಲ್ಲಿ ಎಂಬ ಹೆಸರು ಹೋಗಿ ಶಿವಾಜಿನಗರ ಎಂಬ ಹೆಸರು ಬಳಕೆಗೆ ಬಂದದ್ದು ಬಹಳ ಈಚೆಗೆ.

ಬಾವುಟ ಏರಿದ ಮೇಲಿನ ದಿನಗಳು

ಪ್ರತಿ ವರ್ಷ ಆಗಸ್ಟ್ 29ರಂದು ಬೆಸಿಲಿಕಾದ ಮುಂದೆ ಬಾವುಟ ಏರುತ್ತದೆ. ವೇಳಾಂಕಣ್ಣಿಯಲ್ಲೂ ಅದೇ ದಿನ. ಅಲ್ಲಿಂದ ಒಂಬತ್ತು ದಿನಗಳ ಪ್ರಾರ್ಥನೆಗೆ ನವೇನ ಎಂದು ಹೆಸರು. ಲ್ಯಾಟಿನ್ನಿನಲ್ಲಿ ‘ನೋವೆಮ್’ ಎಂದರೆ ಒಂಬತ್ತು, ನಮ್ಮ ನವ ಮತ್ತು ಅದು ಒಂದೇ ಮೂಲದ ಮಾತುಗಳು. ಹರಕೆ ಹೊತ್ತವರು ಕಾವಿ ಬಣ್ಣದ ಬಟ್ಟೆ ಉಡುತ್ತಾರೆ. ಆ ಬಣ್ಣ ಕಂಡು ಅಚ್ಚರಿಪಡುವವರಿದ್ದಾರೆ. ವ್ರತ ಹಿಡಿದವರು ಕಾವಿ ಉಡುವುದು ಈ ನೆಲದ ರೂಢಿ. ಇಲ್ಲಿನ ಕ್ರೈಸ್ತರೂ ಇಲ್ಲಿನವರೇ.

ಒಂಬತ್ತು ದಿನ ಮುಗಿದು ಸೆಪ್ಟೆಂಬರ್ 8, ಮೇರಿ ಹುಟ್ಟಿದ ದಿನ. ಅದೇ ದಿನ ಮಂಗಳೂರು, ಉಡುಪಿಯ ಕಡೆ ಕೊಂಕಣಿ ಕ್ರೈಸ್ತರು ಮೊಂತಿ ಹಬ್ಬ ಆಚರಿಸುತ್ತಾರೆ: ಮಕ್ಕಳು ಮೇರಿಗೆ ಹೂವು ಅರ್ಪಿಸುತ್ತಾರೆ, ಹೊಸ ಭತ್ತದ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ, ಆ ದಿನದ ಊಟ ಸಸ್ಯಾಹಾರ. ಅದು ಗದ್ದೆಯಿರುವ ಊರಿನ ಹಬ್ಬ. ಶಿವಾಜಿನಗರದ್ದು ದಂಡಿನ ಬೀದಿಗಳಲ್ಲಿ ರೋಗ, ವಲಸೆ, ದುಡಿಮೆಗಳ ನಡುವೆ ಬೆಳೆದ ಹಬ್ಬ. ಒಂದೇ ತಾಯಿ, ಒಂದೇ ದಿನ. ಕರಾವಳಿಯಲ್ಲಿ ಆಕೆಯ ಮುಂದೆ ತೆನೆ, ಇಲ್ಲಿ ಆಕೆಯ ಮುಂದೆ ಹರಕೆಯ ಮೊಂಬತ್ತಿ.

ಬೆಳಗಿನ ಜಾವದಿಂದ ಬೇರೆ ಬೇರೆ ಭಾಷೆಗಳಲ್ಲಿ ಬಲಿಪೂಜೆಗಳು ಒಂದರ ಹಿಂದೊಂದು ನಡೆಯುತ್ತವೆ. ಸಂಜೆ ಹೊಸ ಸೀರೆ ಉಟ್ಟ ಮರಿಯಮ್ಮ ಹೂವಿನ ತೇರು ಏರುತ್ತಾಳೆ. ತೇರು ಮಾರುಕಟ್ಟೆಯ ಸುತ್ತಲಿನ ಬೀದಿಗಳಿಗೆ ಹೊರಳುವಾಗ ಜನ ಜಪಸರ ಹಿಡಿದು ‘ಮರಿಯೇ ವಾಳ್ಗ’ ಎಂದು ತಮಿಳಿನಲ್ಲೂ, ‘ನಮೋ ಮರಿಯಾ’ ಎಂದು ಕನ್ನಡದಲ್ಲೂ ಹೇಳುತ್ತಾ ನಡೆಯುತ್ತಾರೆ. ಇಕ್ಕೆಲದ ಮಹಡಿಗಳಲ್ಲಿ ಹೆಂಗಸರು ಮಕ್ಕಳನ್ನು ಎತ್ತಿ ಹಿಡಿದು ತೋರಿಸುತ್ತಾರೆ, ತೇರು ಹತ್ತಿರ ಬಂದಾಗ ಮೇಲಿನಿಂದ ಹೂವು ಬೀಳುತ್ತದೆ.